ಮೇಣದ ಬತ್ತಿಯೂ ಎಣ್ಣೆಯ ದೀಪವೂ

ನಮ್ಮ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ನೆಲಮಾಳಿಗೆಯಲ್ಲಿರುವ ಸಂತಳ ಪ್ರತಿಮೆಯ ದರ್ಶನಕ್ಕೆ ಕ್ರೈಸ್ತರಲ್ಲದವರೂ ಬರುವುದುಂಟು. ಹಣ್ಣುಕಾಯಿಗೆ ಬದಲಾಗಿ ಅವರ ಕೈಯಲ್ಲಿಯೂ ಮೇಣದ ಬತ್ತಿಯೇ ಇರುತ್ತದೆ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಈ ದೇವಾಲಯದ ನಗರದಲ್ಲಿ ಎಣ್ಣೆಯ ದೀಪ ಗುಡಿಗೆ, ಮೇಣದ ಬತ್ತಿ ಚರ್ಚಿಗೆ ಎಂಬ ಭಾವನೆ ಬೇರೂರಿದೆ. ಚರಿತ್ರೆ ಹೇಳುವುದು ಬೇರೆ.

ರೋಮಾಪುರಿಯ ನೆಲದಡಿಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಉರಿಸಿದ ಮಣ್ಣಿನ ಹಣತೆಗಳು ಹೇರಳವಾಗಿ ದೊರೆತಿವೆ. ಪ್ರಭುವಿನ ಸಾಮತಿಯ ಹತ್ತು ಕನ್ಯೆಯರ ಕೈಯಲ್ಲಿದ್ದುದೂ ಎಣ್ಣೆಯ ದೀಪಗಳೇ. ಇನ್ನು ಮೇಣದ ಬತ್ತಿಯ ಮೇಲೆ ಬಂದ ಆಪಾದನೆಯನ್ನು ನೋಡಿರಿ. ಹಗಲಿನಲ್ಲಿ ಬತ್ತಿ ಹಚ್ಚುವುದು ಅನ್ಯಧರ್ಮೀಯರ ಪದ್ಧತಿಯೆಂದು ವಿಜಿಲಾಂಷಿಯಸ್ ಎಂಬ ಗುರು ಹಳಿದನು. 406ರ ಸುಮಾರಿಗೆ ಸಂತ ಜೆರೋಮರು ಅವನಿಗೆ ಉತ್ತರ ಬರೆದು, ಪೂರ್ವ ದೇಶದ ಸಭೆಗಳಲ್ಲಿ ಶುಭಸಂದೇಶ ವಾಚನದ ವೇಳೆ ಸೂರ್ಯನಿದ್ದರೂ ದೀಪ ಬೆಳಗುವರು, ಅದು ಕತ್ತಲೆ ಕಳೆಯಲಿಕ್ಕಲ್ಲ, ಸಂತೋಷವನ್ನು ಸೂಚಿಸಲಿಕ್ಕೆ ಎಂದರು.

ಬಡವರ ಮನೆಗಳಲ್ಲಿ ಕೊಬ್ಬಿನ ಬತ್ತಿಗಳು ಹೊಗೆಯಾಡುತ್ತಿದ್ದ ಯೂರೋಪಿನಲ್ಲಿ ಧರ್ಮಸಭೆಯು ಬಲಿಪೀಠಕ್ಕೆ ಜೇನುಮೇಣವನ್ನೇ ವಿಧಿಸಿತ್ತು. ಪಾಸ್ಖ ಜಾಗರಣೆಯ ಸ್ತುತಿಗೀತೆಯಲ್ಲಿ ಜೇನುನೊಣಗಳ ಪ್ರಸ್ತಾಪವಿರುವುದು ಈ ಕಾರಣದಿಂದಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಾಫಿನ್ ಬಂದ ಮೇಲೆ ಬತ್ತಿ ಅಗ್ಗವಾಯಿತು. ಹೊಂಗೆ, ಹರಳೆಣ್ಣೆಗಳಿಂದ ಬೆಳಗುತ್ತಿದ್ದ ನಮ್ಮ ನಾಡಿನ ಮನೆಗಳಿಗೂ ಅದು ಕಾಲಿಟ್ಟಿತು. ಕರೆಂಟು ಹೋದಾಗ ಎಲ್ಲ ಮತದವರೂ ಹುಡುಕುವ ವಸ್ತುವಾಯಿತು!

1969ರ ಏಪ್ರಿಲ್ 25ರಂದು ರೋಮಾಪುರಿಯು ಭಾರತದ ಧರ್ಮಾಧ್ಯಕ್ಷರು ಕೋರಿದ ಹನ್ನೆರಡು ಅಂಶಗಳಿಗೆ ಸಮ್ಮತಿಯಿತ್ತಿತು. ಮೇಣದ ಬತ್ತಿಗೆ ಬದಲಾಗಿ ಎಣ್ಣೆಯ ದೀಪವನ್ನು ಬಳಸಬಹುದೆಂಬುದು ಅವುಗಳಲ್ಲೊಂದು. ಈ ಮಾರ್ಗದಲ್ಲಿ ಬಹಳ ದುಡಿದ ಪೂಜ್ಯ ಅಮಲೋರ್ಪವದಾಸ್ ಗುರುಗಳು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ವಿಭಾಗವನ್ನು ನಡೆಸಿ, ಇಲ್ಲಿಯೇ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಆಗ ಎದ್ದ ಆಕ್ಷೇಪಣೆಯಾದರೂ ವಿಜಿಲಾಂಷಿಯಸನದೇ: ಇದು ಅನ್ಯರ ಪದ್ಧತಿ! ದೀಪಸ್ತಂಭವನ್ನು ಕಂಡು ಇಂದಿಗೂ ಮುಖ ಸಿಂಡರಿಸುವ ಭಕ್ತರು ಜೆರೋಮರ ಪತ್ರವನ್ನು ಓದಬೇಕು. ಹಾಗೆಂದು ಬತ್ತಿಯನ್ನೇ ಹೊರಗಟ್ಟಬೇಕೆಂಬ ಉತ್ಸಾಹವೂ ನನಗೆ ಒಪ್ಪಿಗೆಯಿಲ್ಲ. ಪಾಸ್ಖ ಬತ್ತಿಯು ಮೇಣದ್ದೇ ಆಗಿರತಕ್ಕದ್ದು, ಒಂದೇ ಇರತಕ್ಕದ್ದು, ವರ್ಷವರ್ಷವೂ ಹೊಸದಾಗತಕ್ಕದ್ದು ಎಂದು 1988ರ ರೋಮಿನ ಸುತ್ತೋಲೆ ಸ್ಪಷ್ಟಪಡಿಸಿದೆ. ಗುಂಡಿ ಒತ್ತಿದರೆ ಮಿನುಗುವ ಪ್ಲಾಸ್ಟಿಕ್ ಬತ್ತಿಗೆ ಅಲ್ಲಿ ಎಡೆಯಿಲ್ಲ.

ಫೆಬ್ರುವರಿ 2ರಂದು ಮಂತ್ರಿಸಿದ ಬತ್ತಿಯನ್ನು ಹಿರಿಯರು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿಡುತ್ತಿದ್ದರು. ಮರಣಾವಸ್ಥೆಯಲ್ಲಿರುವವರ ಕೈಗೆ ಅದನ್ನು ಹಚ್ಚಿ ಕೊಡುವುದು ರೂಢಿಯಾಗಿತ್ತು. ಈಚೆಗೆ ಅವಸ್ಥೆಯ ಮನೆಗೆ ಗುರುಗಳು ಹೋದಾಗ, ಬತ್ತಿಗಾಗಿ ಯಾರಾದರೂ ಅಂಗಡಿಗೆ ಓಡಬೇಕಾಗುತ್ತದೆ.