ಟರ್ಮ್‌ಕ್ಯಾಪ್

ಬಗೆಬಗೆಯ ಟರ್ಮಿನಲ್‌ಗಳ ಗುಣಗಳನ್ನು ಬರೆದಿಟ್ಟ ಯುನಿಕ್ಸ್ ಕಡತಕ್ಕೆ ಟರ್ಮ್‌ಕ್ಯಾಪ್ ಎಂದು ಹೆಸರು. ವಿಐ ಎಡಿಟರ್ ಯಾವ ಟರ್ಮಿನಲ್‌ನಲ್ಲಾದರೂ ನಡೆಯಬೇಕೆಂದು ಬಿಲ್ ಜಾಯ್ 1978ರ ಸುಮಾರಿಗೆ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ರೂಪಿಸಿದರು.

ಆಗ ಕಂಪನಿಗೊಂದು ಸಂಕೇತಪದ್ಧತಿ ಇತ್ತು. ಕರ್ಸರ್ ಐದನೆಯ ಸಾಲಿನ ಹತ್ತನೆಯ ಕಾಲಂಗೆ ಹೋಗಬೇಕಾದರೆ ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎಗೆ ಎಸ್ಕೇಪ್, ಸಮಚಿಹ್ನೆ, ಡಾಲರ್ ಚಿಹ್ನೆ, ಮುಚ್ಚುವ ಕಂಸ ಇಷ್ಟನ್ನು ಕಳಿಸಬೇಕು. ಸಾಲು, ಕಾಲಂಗಳನ್ನು ಸೊನ್ನೆಯಿಂದ ಎಣಿಸಿ 32 ಕೂಡಿಸಿದಾಗ ದೊರೆಯುವ ಆಸ್ಕಿ ಅಕ್ಷರಗಳೇ ಕೊನೆಯ ಎರಡು. ಡಿಇಸಿ ಕಂಪನಿಯ ವಿಟಿ52ರಲ್ಲಿ ಸಮಚಿಹ್ನೆಯ ಬದಲು ವೈ ಅಕ್ಷರ. ಅದೇ ಕಂಪನಿ 1978ರಲ್ಲಿ ತಂದ ವಿಟಿ100, ಎಸ್ಕೇಪ್ ಮತ್ತು ಚೌಕ ಆವರಣದ ನಂತರ 5, 10 ಎಂಬ ಅಂಕಿಗಳನ್ನೇ ನೇರವಾಗಿ ಕೇಳುತ್ತಿತ್ತು. ಇವನ್ನೆಲ್ಲ ಎಡಿಟರ್‌ನೊಳಗೇ ಬರೆದಿದ್ದರೆ ಹೊಸ ಟರ್ಮಿನಲ್ ಬಂದಾಗಲೆಲ್ಲ ಎಡಿಟರನ್ನೇ ತಿದ್ದಬೇಕಾಗುತ್ತಿತ್ತು. ಜಾಯ್ ಆ ವಿವರಗಳನ್ನು ಹೊರಗಿನ ಕಡತಕ್ಕೆ ಸಾಗಿಸಿದರು. ವಿಐಯ ಆಜ್ಞೆಗಳಷ್ಟೇ ದೊಡ್ಡ ಕೊಡುಗೆ ಇದು. ಕರ್ಸರ್ ಚಲನೆಗೆ ಸಿಎಂ, ಪರದೆ ಅಳಿಸಲು ಸಿಎಲ್ ಎಂಬಂಥ ಎರಡಕ್ಷರದ ಹೆಸರುಗಳಿದ್ದವು. ಬಳಕೆದಾರ ಟರ್ಮ್ ಎಂಬ ಪರಿಸರ ಚರದಲ್ಲಿ ತನ್ನ ಟರ್ಮಿನಲ್‌ನ ಹೆಸರು ತಿಳಿಸಿದರೆ ಸಾಕು, ಉಳಿದದ್ದನ್ನು ಎಡಿಟರ್ ಓದಿಕೊಳ್ಳುತ್ತಿತ್ತು.

ವಿಐ ಸಂಪರ್ಕದ ವೇಗಕ್ಕೂ ಹೊಂದಿಕೊಳ್ಳಬೇಕಿತ್ತು. 300 ಬಾಡ್ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರ ಒಯ್ಯುತ್ತದೆ. 24 ಸಾಲು, 80 ಕಾಲಂಗಳ ಪರದೆ ತುಂಬಲು ಒಂದು ನಿಮಿಷ ಮೀರುತ್ತಿತ್ತು. ಆದ್ದರಿಂದ ವಿಐ ವೇಗ ನೋಡಿಕೊಂಡು 1200 ಬಾಡ್‌ಗಿಂತ ಕಡಿಮೆಯಿದ್ದರೆ 8 ಸಾಲು, 1200 ಇದ್ದರೆ 16 ಸಾಲು, ಅದಕ್ಕೂ ಹೆಚ್ಚಿದ್ದರೆ ಪೂರ್ತಿ ಪರದೆ ಬಳಸುತ್ತಿತ್ತು. ಬೇಕಾದವರು ಪ್ರತಿ ವೇಗಕ್ಕೂ ಬೇರೆ ಅಳತೆ ನಿಗದಿ ಮಾಡಿಕೊಳ್ಳಬಹುದಿತ್ತು. ದೂರವಾಣಿ ತಂತಿಯ ಆಚೆ ಕುಳಿತವರನ್ನು ಇಷ್ಟು ನೆನಪಿನಲ್ಲಿಟ್ಟು ಬರೆದ ತಂತ್ರಾಂಶಗಳು ವಿರಳ.

ವಿಐಯ ಕರ್ಸರ್ ಚಲನೆಯ ಭಾಗವನ್ನು ಬೇರ್ಪಡಿಸಿ ಕೆನ್ ಆರ್ನಾಲ್ಡ್ ಕರ್ಸಸ್ ಗ್ರಂಥಾಲಯ ಕಟ್ಟಿದರು. ಮುಂದೆ ಸಿಸ್ಟಂ ಫೈವ್ ಯುನಿಕ್ಸ್‌ನಲ್ಲಿ ಟರ್ಮ್‌ಕ್ಯಾಪ್‌ನ ಜಾಗಕ್ಕೆ ಟರ್ಮ್‌ಇನ್ಫೋ ಬಂತು. ಒಂದೇ ಉದ್ದನೆಯ ಕಡತವನ್ನು ಹುಡುಕುವ ಬದಲು, ಪ್ರತಿ ಟರ್ಮಿನಲ್‌ನ ವಿವರವನ್ನು ಮೊದಲೇ ಕಂಪೈಲ್ ಮಾಡಿ ಪ್ರತ್ಯೇಕವಾಗಿ ಇಡುವುದು ಅದರ ಕ್ರಮ. ಈಮ್ಯಾಕ್ಸ್ ಎಂಬ ಎಡಿಟರ್ ಇನ್ನೊಂದು ಹೆಜ್ಜೆ ಇಟ್ಟು, ಟರ್ಮಿನಲ್ ಬಗೆಗೆ ತಕ್ಕ ಲಿಸ್ಪ್ ಕಡತವನ್ನೇ ಆರಂಭದಲ್ಲಿ ಓದುತ್ತದೆ.

ಇಂದಿನ ಟರ್ಮಿನಲ್ ತಂತ್ರಾಂಶಗಳಲ್ಲಿ ಬಹುಪಾಲು ವಿಟಿ100ರ ವಂಶದವು. ಆದರೂ ತೊಡಕು ಪೂರ್ತಿ ತೀರಿಲ್ಲ. ಬಾಣದ ಕೀಲಿಗಳ ಸಂಕೇತವೂ ಎಸ್ಕೇಪ್‌ನಿಂದಲೇ ಶುರುವಾಗುವುದರಿಂದ, ಒತ್ತಿದ್ದು ಎಸ್ಕೇಪ್ ಕೀಲಿಯೋ ಬಾಣವೋ ಎಂದು ತಿಳಿಯಲು ವಿಮ್ ಎಡಿಟರ್ ಈಗಲೂ ಕ್ಷಣಕಾಲ ಕಾಯುತ್ತದೆ. ಆ ಕಾಯುವ ಅವಧಿಯನ್ನು ಬಳಕೆದಾರರು ಮಿಲಿಸೆಕೆಂಡುಗಳಲ್ಲಿ ಹೊಂದಿಸಿಕೊಳ್ಳಬಹುದು.