ವೆಲೆನ್ಸಿಯಾದ ನೀರಿನ ಪಂಚಾಯ್ತಿ

ಸ್ಪೇನಿನಲ್ಲಿ ಮೂರರ ಕಾಲದ ಗುರುತು ಅಂದ್ರೆ ಎಲ್ಲರೂ ಗ್ರನಾಡಾದ ಅಲ್‌ಹಂಬ್ರಾ ಅರಮನೆ ತೋರಿಸ್ತಾರೆ. ರೈತ ಆದವನು ನೋಡಬೇಕಾದ್ದು ಇನ್ನೊಂದಿದೆ: ವೆಲೆನ್ಸಿಯಾ ಪಟ್ಟಣದ ಸುತ್ತ ಇರೋ ನಾಲೆಗಳು.

711ರಲ್ಲಿ ಉತ್ತರ ಆಫ್ರಿಕಾದಿಂದ ದಾಟಿ ಬಂದ ಅರಬ್ಬರು ಮತ್ತು ಬರ್ಬರರನ್ನೇ ಯುರೋಪಿನವರು ಮೂರ್ ಅಂತ ಕರೆದರು. ಅವರ ಆಳ್ವಿಕೆಯಲ್ಲಿ ತುರಿಯಾ ನದಿಗೆ ಒಡ್ಡು ಹಾಕಿ, ನಾಲೆ ತೆಗೆದು, ಭತ್ತ, ಕಬ್ಬು, ಕಿತ್ತಳೆ ಬೆಳೆಸಿದರು. ನಾಲೆಗೆ ಅಲ್ಲಿ ಇವತ್ತಿಗೂ ಅಸೇಕಿಯಾ ಅಂತಾರೆ, ಅರಬ್ಬೀ ಮಾತು. ನಮ್ಮ ಸಕ್ಕರೆ, ಅವರ ಅಸೂಕರ್ ಎರಡಕ್ಕೂ ಮೂಲ ಸಂಸ್ಕೃತದ ಶರ್ಕರಾ. ಅದು ಪರ್ಷಿಯಾ, ಅರಬ್ ನಾಡು ದಾಟಿ ಅಲ್ಲಿಗೆ ಹೋಗಿದೆ.

1238ರಲ್ಲಿ ಕ್ರೈಸ್ತ ದೊರೆ ಒಂದನೇ ಹೈಮೆ ವೆಲೆನ್ಸಿಯಾ ಗೆದ್ದ. ಮಸೀದಿ ಇದ್ದ ಜಾಗದಲ್ಲಿ ಚರ್ಚು ಎದ್ದಿತು. ಆದ್ರೆ ನೀರಿನ ಕಟ್ಟಳೆ ಮುಟ್ಟಲಿಲ್ಲ, ಹಿಂದಿನಿಂದ ನಡೆದಂತೆಯೇ ನಡೀಲಿ ಅಂತ ಅಪ್ಪಣೆ ಕೊಟ್ಟ. 1609ರಲ್ಲಿ ಮತಾಂತರವಾಗಿ ಉಳಿದಿದ್ದ ಮುಸ್ಲಿಮರ ವಂಶದವರನ್ನೂ ಹಡಗು ಹತ್ತಿಸಿ ಓಡಿಸಿದರು. ಗದ್ದೆ ಮಾಡಿದ್ದ ಕೈಗಳು ಹೋದವು, ನೀರಿನ ಕಟ್ಟಳೆ ಮಾತ್ರ ಉಳೀತು.

ಆ ಕಟ್ಟಳೆ ಕಾಯೋ ಪಂಚಾಯ್ತಿ ಈಗಲೂ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಆ ಚರ್ಚಿನ ಬಾಗಿಲ ಹೊರಗೆ ಸೇರುತ್ತೆ. ನಾನು ಜನರ ನಡುವೆ ನಿಂತು ನೋಡಿದೆ. ಕಪ್ಪು ಅಂಗಿ ತೊಟ್ಟ ಎಂಟು ಜನ, ಎಂಟು ನಾಲೆಗಳ ರೈತರು ತಾವೇ ಆರಿಸಿದವರು. ಒಬ್ಬ ಕೊಕ್ಕೆ ಇರೋ ಕೋಲು ಹಿಡಿದು ಒಂದೊಂದೇ ನಾಲೆಯ ಹೆಸರು ಕೂಗಿ, ದೂರು ಇದೆಯಾ ಅಂತ ಕೇಳ್ದ. ಯಾರೂ ಮುಂದೆ ಬರಲಿಲ್ಲ. ಕೆಲವೇ ನಿಮಿಷದಲ್ಲಿ ಸಭೆ ಮುಗೀತು. ಪ್ರವಾಸಿಗರಿಗೆ ಸಪ್ಪೆ ಅನ್ನಿಸಿರಬೇಕು. ನನಗೆ ಹೊಟ್ಟೆಕಿಚ್ಚಾಯ್ತು.

ದೂರು ಬಂದ್ರೂ ವಿಚಾರಣೆ ಬಾಯ್ಮಾತಲ್ಲೇ. ವಕೀಲರಿಲ್ಲ, ಮೇಲ್ಮನವಿ ಇಲ್ಲ. ಬಲದಂಡೆಯವನ ಮೇಲೆ ದೂರಿದ್ದರೆ ಎಡದಂಡೆಯವರು ತೀರ್ಪು ಸೂಚಿಸಬೇಕು. ಆಗ ನಮ್ಮವನು ಅನ್ನೋ ದಾಕ್ಷಿಣ್ಯಕ್ಕೆ ಜಾಗ ಇರಲ್ಲ.

ಇದರ ಗಟ್ಟಿತನ ಪಾಲಿನ ಲೆಕ್ಕದಲ್ಲಿದೆ. ಒಬ್ಬೊಬ್ಬನಿಗೆ ಇಷ್ಟು ನೀರು ಅಂತ ಅಳತೆ ಕಟ್ಟಿಲ್ಲ, ಹೊಳೆಯಲ್ಲಿ ಇದ್ದದ್ದರಲ್ಲಿ ಇಷ್ಟು ಪಾಲು ಅಂತ ಇದೆ. ಹೊಳೆ ತುಂಬಿದರೆ ಎಲ್ಲರಿಗೂ ಹೆಚ್ಚು, ಬತ್ತಿದರೆ ಎಲ್ಲರಿಗೂ ಕಮ್ಮಿ. ನೀರು ಜಮೀನಿಗೆ ಸೇರಿದ್ದು, ಬೇರೆ ಮಾಡಿ ಮಾರೋ ಹಾಗಿಲ್ಲ. ಅದೇ ಸೀಮೆಯ ಎಲ್ಚೆಯಲ್ಲಿ ನೀರನ್ನು ಜಮೀನಿನಿಂದ ಬಿಡಿಸಿ ಹರಾಜು ಹಾಕೋ ಪದ್ಧತಿ ಬೆಳೀತು. ಅಲ್ಲಿ ದುಡ್ಡಿದ್ದವನಿಗೆ ನೀರು.

2009ರಲ್ಲಿ ಯುನೆಸ್ಕೋ ಈ ಪಂಚಾಯ್ತಿಯನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿ ಬರೋಕೆ ಮುಂಚೆ ಅದನ್ನ ಉಳಿಸಿದ್ದು, ತೀರ್ಪು ಹೇಳೋನಿಗೂ ಅದೇ ನಾಲೆ ನೀರೇ ಬೇಕು ಅನ್ನೋದು.

ನಮ್ಮಲ್ಲೂ ನೀರುಗಂಟಿ ಇದ್ದ. ಕೆರೆ ತೂಬು ಎತ್ತೋದು, ಪಾಳಿ ಪ್ರಕಾರ ಕೊನೆ ಗದ್ದೆಗೂ ನೀರು ಮುಟ್ಟಿಸೋದು ಅವನ ಕೆಲಸ. ನಿಮ್ಮೂರ ಪಾಳಿ ಹೇಗಿತ್ತು ಅನ್ನೋದು ಹಿರಿಯರ ನೆನಪಲ್ಲಿ ಇನ್ನೂ ಇದ್ರೆ, ಅವರು ಇರುವಾಗಲೇ ಕೂತು ಕೇಳಿ, ಬರೆದಿಡಿ.