ಕಡೆಗೀಲಿನಿಂದ ಹಲ್ಲುಬಳೆಗೆ: ತೋಡಿಲ್ಲದ ತಡೆಬಳೆಗಳ ಚರಿತ್ರೆ

ಖುಲ್ತಾಬಾದಿನಿಂದ ಘಾಟಿ ಇಳಿದರೆ ನಾಲ್ಕೈದು ಕಿಲೋಮೀಟರಿನಲ್ಲಿ ಎಲ್ಲೋರಾ. ಅಲ್ಲಿನ ಹತ್ತನೆಯ ಗುಹೆಗೆ ವಿಶ್ವಕರ್ಮನ ಹೆಸರು. ಜನರ ಬಾಯಲ್ಲಿ ಅದು ‘ಸುತಾರ್ ಕಾ ಝೋಪ್ಡಾ’, ಬಡಗಿಯ ಗುಡಿಸಲು. ಈ ಬೌದ್ಧ ಚೈತ್ಯದ ಕಮಾನು ಸೂರಿನಲ್ಲಿ ಕಲ್ಲನ್ನೇ ಮರದ ತೊಲೆಗಳಂತೆ ಕಡೆದಿದ್ದಾರೆ. ರಾಷ್ಟ್ರಕೂಟ ದಂತಿದುರ್ಗನ ಶಾಸನವಿರುವ ಹದಿನೈದನೆಯ ಗುಹೆಯಲ್ಲಿ ತ್ರಿಪುರಾಂತಕ ಶಿವ ರಥವೇರಿ ನಿಂತಿದ್ದಾನೆ. ಕಲ್ಲಿನ ರಥಕ್ಕೆ ಗಾಲಿ ಕಳಚುವ ಭಯವಿಲ್ಲ. ತಿರುಗುವ ಗಾಲಿ ಮಾಡಿದ ಬಡಗಿಗೆ ಮಾತ್ರ ಆ ಭಯ ಎಂದೂ ತಪ್ಪಿದ್ದಲ್ಲ. ಅಚ್ಚಿನ ಮೇಲೆ ಸುತ್ತುವ ಗಾಲಿ ಸುತ್ತುತ್ತಲೇ ಇರಬೇಕು, ಆದರೆ ಹೊರಕ್ಕೆ ಸರಿಯಬಾರದು. ಇದಕ್ಕೆ ಕಂಡುಕೊಂಡ ಉಪಾಯಗಳ ಸಾಲಿನಲ್ಲಿ ಇತ್ತೀಚಿನದು ತೋಡು ಕೊರೆಯದೆ ಒತ್ತಿ ಕೂರಿಸುವ ಉಕ್ಕಿನ ಬಳೆ.

ಮೊದಲ ಉಪಾಯಕ್ಕೆ ಕನ್ನಡದಲ್ಲಿ ಎರಡು ಹೆಸರಿವೆ: ಕಡೆಗೀಲು, ಕಡಾಣಿ. ಅಚ್ಚಿನ ಕಡೆಯಲ್ಲಿ ತೂರಿಸುವ ಕೀಲು ಅಥವಾ ಆಣಿ ಎಂದೇ ಎರಡರ ಅರ್ಥವೂ. ರಥದ ಆಣಿಯ ಉಪಮೆ ಋಗ್ವೇದದಲ್ಲೇ ಇದೆ. ಉರುಳುವ ದೊಡ್ಡ ತೇರಿನ ಅಚ್ಚಾಣಿಯನ್ನು ತಿರುಕ್ಕುರಳ್ ನೆನೆಯುತ್ತದೆ. ನಮ್ಮಲ್ಲಿ ಇದನ್ನು ತತ್ವದ ಮಟ್ಟಕ್ಕೆ ಏರಿಸಿದವನು ಮುದನೂರಿನ ನೇಕಾರ ವಚನಕಾರ ದೇವರ ದಾಸಿಮಯ್ಯ. ದರ್ಪ ತುಂಬಿದ ಒಡಲನ್ನು ಬಂಡಿಯೆಂದೂ ಶರಣರ ಮಾತನ್ನು ಅದರ ಕಡೆಗೀಲೆಂದೂ ಕಂಡ ಅವನ ವಚನ, ಬಂಡಿ ಹೂಡಿ ಬಲ್ಲವರ ನಡುವೆ ಹುಟ್ಟಿದ್ದು. ಆ ಕೇಳುಗರಿಗೆ ಉಪಮೆಯನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಕಡೆಗೀಲಿಗೆ ಅಚ್ಚಿನಲ್ಲಿ ತೂತು ಬೇಕು. ತೂತು ಕೊರೆದಲ್ಲಿ ಅಚ್ಚು ಅಷ್ಟರಮಟ್ಟಿಗೆ ಬಡವಾಗುತ್ತದೆ. ಇಪ್ಪತ್ತನೆಯ ಶತಮಾನದ ಸರ್ಕ್ಲಿಪ್ ತೂತನ್ನು ಬಿಟ್ಟುಕೊಟ್ಟು ತೋಡನ್ನು ಕೇಳಿತು: ಶಾಫ್ಟಿನ ಸುತ್ತ ಲೇತಿನಲ್ಲಿ ಸಣ್ಣ ಗ್ರೂವ್ ಹೊಡೆದು, ಅದರೊಳಗೆ ಬಳೆ ಕೂರಿಸುವುದು. ಶಾಫ್ಟಿನ ಹೊರಮೈಗೆ ಡಿಐಎನ್ 471, ರಂಧ್ರದ ಒಳಮೈಗೆ ಡಿಐಎನ್ 472 ಎಂಬ ಜರ್ಮನ್ ಮಾನಕಗಳು ಇಂದಿಗೂ ಕಾರ್ಖಾನೆಗಳ ನಿತ್ಯದ ಮಾತು. ಆದರೆ ತೋಡೂ ಒಂದು ಗಾಯವೇ. ಶಾಫ್ಟಿನ ಮೇಲೆ ಬಿದ್ದ ಒತ್ತಡವೆಲ್ಲ ಅದರ ಚೂಪು ಮೂಲೆಗೆ ಬಂದು ಕೂಡುತ್ತದೆ. ದಣಿದ ಲೋಹದ ಬಿರುಕು ಅಲ್ಲಿಂದಲೇ ಶುರುವಾಗುವುದುಂಟು. ಜೊತೆಗೆ ಪ್ರತಿ ಶಾಫ್ಟಿಗೂ ಲೇತಿನ ಒಂದು ಕೆಲಸ ಹೆಚ್ಚು.

ತೋಡಿಲ್ಲದ ಬಳೆ ಈ ಎರಡನ್ನೂ ಕೈಬಿಟ್ಟಿತು. ಅದಕ್ಕೆ ಹತ್ತಿರದ ನೆಂಟ, ಅಮೆರಿಕದ ಕ್ಲೀವ್‌ಲೆಂಡಿನ ಒಲೆ ತಯಾರಕ ಆಲ್ಬರ್ಟ್ ಟಿನ್ನರ್‌ಮನ್ 1920ರ ದಶಕದಲ್ಲಿ ರೂಪಿಸಿದ ‘ಸ್ಪೀಡ್ ನಟ್’. ಒಲೆಯ ಎನಾಮಲ್ ಹೊದಿಕೆ ಬಿಗಿದ ನಟ್ಟಿನ ಕೆಳಗೆ ಸಿಡಿಯುತ್ತಿತ್ತು. ಅವನು ತೆಳು ಸ್ಪ್ರಿಂಗ್ ಸ್ಟೀಲಿನ ತಗಡಿಗೆ ಎರಡು ನಾಲಗೆ ಕತ್ತರಿಸಿ, ಅವೇ ಸ್ಕ್ರೂ ಹಿಡಿಯುವಂತೆ ಮಾಡಿದ. ಒತ್ತುಬಳೆ ಇದೇ ಜಾಣ್ಮೆಯನ್ನು ತಿರುಪಿಲ್ಲದ ನುಣುಪು ದಂಡಕ್ಕೆ ತಂದಿತು. ಬ್ರಿಟನ್ನಿನ ‘ಸ್ಟಾರ್‌ಲಾಕ್’ ಎಂಬ ವ್ಯಾಪಾರನಾಮ ಈ ಬಳೆಗಳಿಗೆ ಅಂಟಿಕೊಂಡುಬಿಟ್ಟಿದೆ.

ಒಂದನ್ನು ಅಂಗೈ ಮೇಲಿಟ್ಟು ನೋಡಬೇಕು. ಬೆರಳುಗುರಿನಷ್ಟು ತೆಳ್ಳಗಿನ ತಗಡು; ಒಳಅಂಚಿನ ಸುತ್ತ ಹಲ್ಲುಗಳು, ಎಲ್ಲವೂ ಒಂದೇ ಕಡೆಗೆ ತುಸು ಬಾಗಿವೆ. ಹಲ್ಲುಗಳ ನಡುವಿನ ಕಂಡಿ ದಂಡಕ್ಕಿಂತ ಕೂದಲೆಳೆಯಷ್ಟು ಕಿರಿದು. ಒತ್ತಿದಾಗ ಹಲ್ಲುಗಳು ಇನ್ನಷ್ಟು ಬಾಗಿ ದಾರಿ ಬಿಡುತ್ತವೆ. ಹಿಂದಕ್ಕೆ ಎಳೆದರೆ ಅವು ನೆಟ್ಟಗಾಗಲು ಹೋಗಿ, ತುದಿಗಳು ದಂಡದೊಳಗೆ ಕಚ್ಚುತ್ತವೆ. ಎಳೆದಷ್ಟೂ ಬಿಗಿ. ಬಲವಂತವಾಗಿ ಕಿತ್ತ ದಂಡದ ಮೇಲೆ ಹಲ್ಲಿಗೊಂದರಂತೆ ಗೀರು ಉಳಿದಿರುತ್ತದೆ. ದಂಡ ಬಳೆಗಿಂತ ಮೆತ್ತಗಿದ್ದರೇ ಈ ಕಚ್ಚು ಸಾಧ್ಯ. ಪುಟ ಕೊಟ್ಟು ಗಡುಸಾಗಿಸಿದ ಶಾಫ್ಟಿನ ಮೇಲೆ ಹಲ್ಲು ಜಾರುತ್ತದೆ. ಆದ್ದರಿಂದ ಭಾರ ಹೊರುವ ಗೇರ್‌ಬಾಕ್ಸಿನಲ್ಲಿ ಇಂದಿಗೂ ತೋಡಿನ ಸರ್ಕ್ಲಿಪ್ಪೇ ಗಟ್ಟಿ.

ಬಗೆಗಳನ್ನು ಸಾಮಾನ್ಯವಾಗಿ ಆಕಾರದಿಂದ ಎಣಿಸುತ್ತಾರೆ. ದಂಡಕ್ಕಾದರೆ ಹಲ್ಲು ಒಳಗೆ, ರಂಧ್ರಕ್ಕಾದರೆ ಹೊರಗೆ. ಮೂರೇ ಹಿಡಿತದ ತ್ರಿಕೋನ ಬಳೆ ಅಗಲವಾದ ಆಸರೆ ಕೊಡುತ್ತದೆ. ತುದಿ ಮುಚ್ಚುವ ಟೋಪಿಯಂಥದ್ದನ್ನು ಮಕ್ಕಳ ಮೂರು ಗಾಲಿಯ ಸೈಕಲ್ಲಿನಲ್ಲಿ ಎಲ್ಲರೂ ಕಂಡಿದ್ದೇವೆ. ಹಲ್ಲೇ ಇಲ್ಲದ ‘ಗ್ರಿಪ್ ರಿಂಗ್’ ಬೇರೆ ಜಾತಿ: ಬಾಯ್ತೆರೆದ ಈ ಬಳೆಯ ಎರಡು ಕಿವಿಗಳಿಗೆ ಪ್ಲೈಯರ್ ಹಾಕಿ ಅಗಲಿಸಿ ತೊಡಿಸಿದರೆ, ಬರಿಯ ಘರ್ಷಣೆಯಿಂದ ಎರಡೂ ದಿಕ್ಕಿಗೆ ನಿಲ್ಲುತ್ತದೆ.

ಚರಿತ್ರೆಯ ಕಣ್ಣಿಗೆ ಆಕಾರಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ ಎಂಬುದು ನನ್ನ ವಾದ: ಬಿಚ್ಚಲು ಬರುತ್ತದೆಯೇ, ಇಲ್ಲವೇ? ಕಡೆಗೀಲನ್ನು ಮಾಡಿದ್ದೇ ಬಿಚ್ಚುವುದಕ್ಕೆ. ಗಾಲಿ ಸರಿಸಿ ಕೀಲೆಣ್ಣೆ ಹಾಕದಿದ್ದರೆ ಬಂಡಿ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತದೆ. ರೈತ ಸುತ್ತಿಗೆಯಿಂದ ಎರಡೇಟು ಕೊಟ್ಟು ಕೀಲು ತೆಗೆಯುತ್ತಾನೆ, ಮತ್ತೆ ಹಾಕುತ್ತಾನೆ. ಹಲ್ಲುಬಳೆ ಒಮ್ಮೆ ಕೂತರೆ ಮುಗಿಯಿತು. ಛತ್ರಪತಿ ಸಂಭಾಜಿನಗರದ ಅಂಚಿನ ವಾಳುಜಿನಲ್ಲಿ 1985ರಿಂದ ಬಜಾಜ್ ಕಾರ್ಖಾನೆ ನಡೆಯುತ್ತಿದೆ. ಸಾಲಾಗಿ ಬರುವ ಭಾಗಗಳನ್ನು ಕ್ಷಣಗಳಲ್ಲಿ ಜೋಡಿಸುವ ಅಂಥ ಕೈಗಾರಿಕೆಯ ಲೋಕಕ್ಕೆ ಒಂದೇ ಒತ್ತಿಗೆ ಕೂರುವ ಬಳೆ ಹೇಳಿಮಾಡಿಸಿದ್ದು. ಸಮಯ ಉಳಿಯುವುದು ಜೋಡಿಸುವವನಿಗೆ; ರಿಪೇರಿ ಮಾಡುವವನಿಗೆ ಉಳಿಯುವುದು ಉಳಿ ಮತ್ತು ಕಟಿಂಗ್ ಪ್ಲೈಯರ್. ಮಗುವಿನ ಸೈಕಲ್ಲಿನ ಗಾಲಿ ಬದಲಿಸಬೇಕಾದರೆ ಅವನು ಟೋಪಿಬಳೆಯನ್ನು ಸೀಳಿ ಎಸೆದು, ಹೊಸದನ್ನೇ ಹುಡುಕಬೇಕು. ತೋಡಿಲ್ಲದ ಬಳೆಗಳ ಕುಲದಲ್ಲಿ ಕಡೆಗೀಲಿನ ಗುಣ ಉಳಿಸಿಕೊಂಡದ್ದು ಗ್ರಿಪ್ ರಿಂಗ್: ದಂಡಕ್ಕೆ ತೂತೂ ಇಲ್ಲ, ತೋಡೂ ಇಲ್ಲ, ಬೇಕೆಂದಾಗ ಬಿಚ್ಚಿ ಮತ್ತೆ ಅದೇ ಬಳೆಯನ್ನು ತೊಡಿಸಬಹುದು.